ವಿಜಾಪುರದ ವಕೀಲರು

ಈ ಸಂಚಿಕೆಗೆ ಯಾರಾದರೊಬ್ಬ ಹಿರಿಯರ ಜೀವನವನ್ನು ಬರೆದುಕೊಡು, ಆದರೆ ನಾಲ್ಕೈದು ಸ್ಟೆನ್ಸಿಲಿನಲ್ಲಿ ಮುಗಿಯಬೇಕು ಎಂದು ನಮ್ಮ ಸಂಪಾದಕ ಗೆಳೆಯರು ಕಟ್ಟಪ್ಪಣೆ ಮಾಡಿದಾಗ ಎಲ್ಲರಿಗೂ ಹೊಳೆಯುವ ಹೆಸರುಗಳೇ ನನಗೂ ಹೊಳೆದವು. ಅವರ ಬಗ್ಗೆ ಬರೆಯುವ ಕೈಗಳು ಬೇಕಾದಷ್ಟಿವೆ, ಬಿಡಿ. ನಾನು ಕಾನೂನು ಓದುತ್ತಿರುವವನು. ರಜೆಗೆ ಊರಿಗೆ ಹೋದಾಗಲೆಲ್ಲ ನಮ್ಮ ಸೋದರಮಾವ ಕೇಳುವುದು ಒಂದೇ ಪ್ರಶ್ನೆ, ಸನದು ಸಿಕ್ಕ ಮೇಲೆ ಮುಂದೇನು ಅಂತ. ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ತಾಲೂಕಿನ ಕೋರ್ಟಿನಲ್ಲಿ ಹತ್ತು ವರ್ಷ ವಕೀಲಿ, ಆಮೇಲೆ ಮುನಸಿಪಾಲಿಟಿ, ಆಮೇಲೆ ಒಂದು ಬ್ಯಾಂಕೋ ಸೊಸೈಟಿಯೋ, ಅಲ್ಲಿಂದ ಸೀದಾ ವಿಧಾನಸಭೆ. ಸಣ್ಣ ಊರಿನ ವಕೀಲನಿಗೆ ಹಾಕಿಟ್ಟ ಏಣಿ ಇದು. ನಮ್ಮ ಕಡೆ ಇದನ್ನು ಕಾಣದವರಿಲ್ಲ.

ಈ ಏಣಿಯ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ, ಮತ್ತೆ ಇಳಿದು ಬಂದು, ಬೇರೆಯೇ ದಾರಿ ಹಿಡಿದವರೊಬ್ಬರು ನಮ್ಮಲ್ಲಿದ್ದರು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಫ. ಗು. ಹಳಕಟ್ಟಿ ಎಂದರೆ ನಮ್ಮಲ್ಲಿ ಹಲವರಿಗೆ ಪಠ್ಯಪುಸ್ತಕದ ಒಂದು ಸಾಲು ನೆನಪಾಗುತ್ತದೆ: ವಚನ ಪಿತಾಮಹ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ನನಗೂ ಅಷ್ಟೇ ಗೊತ್ತಿತ್ತು. ಅವರು ವಕೀಲರಾಗಿದ್ದರು, ಇದೇ ಮುಂಬಯಿಯ ಕೌನ್ಸಿಲಿನಲ್ಲಿ ಕೂತು ಎದ್ದವರು, ಇದೇ ಮುಂಬಯಿಯಲ್ಲಿ ನಮ್ಮ ಹಾಗೆಯೇ ಕಾಲೇಜು ಕಲಿತವರು ಎಂಬುದು ತಿಳಿದದ್ದು ಇತ್ತೀಚೆಗೆ. ತಿಳಿದಾಗ ಸ್ವಲ್ಪ ನಾಚಿಕೆಯೂ ಆಯಿತು ಅನ್ನಿ.

ಅವರು ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರೂ ಹೌದು. ತಾಯಿ ದಾನಮ್ಮ ಮಗು ಇನ್ನೂ ಮೂರು ವರ್ಷದ್ದಿರುವಾಗಲೇ ತೀರಿಕೊಂಡರು. ಸಾಕಿದ್ದು ಅಜ್ಜಿ. ಧಾರವಾಡದಲ್ಲಿ 1896ರಲ್ಲಿ ಮ್ಯಾಟ್ರಿಕ್ ಮುಗಿಸಿ ಹುಡುಗ ಮುಂಬಯಿಗೆ ಬಂದು ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದ. ಧೋಬಿ ತಲಾವದ ಹತ್ತಿರ ನಾವು ದಿನಾ ಬಸ್ಸಿನಿಂದ ನೋಡುತ್ತೇವಲ್ಲ, ಅದೇ ಕಲ್ಲಿನ ಕಟ್ಟಡ. ಅವು ಮುಂಬಯಿಯಲ್ಲಿ ಪ್ಲೇಗಿನ ವರ್ಷಗಳು. ಜನ ಊರು ಬಿಟ್ಟು ಓಡುತ್ತಿದ್ದ ಕಾಲದಲ್ಲಿ ಇವರು ಊರಿಂದ ಇಲ್ಲಿಗೆ ಬಂದರು. 1901ರಲ್ಲಿ ಬಿ.ಎ., 1904ರಲ್ಲಿ ಎಲ್‌ಎಲ್‌.ಬಿ. ಆಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕರ್ನಾಟಕ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರು ಹುಟ್ಟಿದ್ದು ಅದೇ 1880ರ ಅದೇ ಜುಲೈ ತಿಂಗಳಲ್ಲಿ, ಹತ್ತೇ ದಿನ ಆಚೆ. ಆಲೂರರು ವಿಜಾಪುರದಲ್ಲಿ ಹುಟ್ಟಿ ಧಾರವಾಡದಲ್ಲಿ ಬಾಳಿದರು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ಬಾಳಿದರು. ಇಬ್ಬರೂ ಕಾನೂನು ಓದಿದ್ದು ಮುಂಬಯಿಯಲ್ಲಿ. ಇಬ್ಬರೂ ತೀರಿಕೊಂಡದ್ದು 1964ರಲ್ಲಿ. ಇಲ್ಲಿ ಮರಾಠಿಗರು, ಗುಜರಾತಿಗಳು ತಂತಮ್ಮ ಭಾಷೆಗಾಗಿ ನಡೆಸುತ್ತಿದ್ದ ಪತ್ರಿಕೆ, ನಾಟಕ, ಸಭೆಗಳನ್ನು ಕಂಡು ನಮ್ಮದೇಕೆ ಹೀಗಿಲ್ಲ ಎಂಬ ಸಂಕಟ ಅಂದಿನ ಕನ್ನಡ ಹುಡುಗರಿಗೆ ಹತ್ತಿದ್ದು ಸಹಜ. ಪರಊರಿನಲ್ಲಿದ್ದಾಗಲೇ ನಮ್ಮ ಮಾತು ನಮಗೆ ಕೇಳಿಸುವುದು. ಈ ಸಂಘದಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸನದು ಪಡೆದ ಹಳಕಟ್ಟಿಯವರು ಮೊದಲು ಬೆಳಗಾವಿಯಲ್ಲಿ ವಕೀಲಿ ಸುರು ಮಾಡಿ ಸ್ವಲ್ಪ ಕಾಲದಲ್ಲೇ ವಿಜಾಪುರಕ್ಕೆ ಹೋದರು. ಮುಂಬಯಿಯಿಂದ ಸೊಲ್ಲಾಪುರ ದಾಟಿ ಹೊಟಗಿಯಲ್ಲಿ ಇಳಿದು ಸಣ್ಣ ಗಾಡಿ ಹತ್ತಿ ಹೋಗಬೇಕಾದ ಊರು ಅದು ಆಗ. ಒಂದು ಕಾಲದ ರಾಜಧಾನಿ, ಈಗ ಬರಗಾಲದ ಜಿಲ್ಲೆಯ ಊರು. ಗುಮ್ಮಟ ದೊಡ್ಡದು, ಬಾವಿಗಳಲ್ಲಿ ನೀರು ಕಡಿಮೆ. ಹೊಲದ ಬದು, ದತ್ತಕ, ಸಾಲ, ಹಿಸ್ಸೆ ಇವೇ ಕೋರ್ಟಿನ ಕೆಲಸ. ಹಳೆಯ ಕಾಗದಪತ್ರ ಎಷ್ಟೋ ಮೋಡಿ ಲಿಪಿಯಲ್ಲಿ. ಪಕ್ಷಗಾರ ಮಾತಾಡುವುದು ಒಂದು ಭಾಷೆ, ಅವನ ಹೊಲದ ಕಾಗದ ಇನ್ನೊಂದು ಭಾಷೆ, ಸಾಹೇಬರ ತೀರ್ಪು ಮೂರನೆಯದು. ಮಧ್ಯೆ ನಿಂತ ವಕೀಲನೇ ದುಭಾಷಿ.

ಮುಂದಿನ ಹದಿನೈದು ವರ್ಷ ಅವರು ಮಾಡಿದ್ದನ್ನು ಪಟ್ಟಿ ಹಾಕಿದರೆ ನಮ್ಮ ಮಾವನ ಏಣಿ ಸರಿಯಾಗಿ ಕಾಣುತ್ತದೆ. 1910ರಲ್ಲಿ ಶಾಲೆಗಳಿಗಾಗಿ ಬಿ.ಎಲ್‌.ಡಿ.ಇ. ಸಂಸ್ಥೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು. ನೇಕಾರರಿಗೆ ಸಂಘ, ರೈತರಿಗೆ ಸಂಘ. ನಗರಸಭೆಯ ಕೆಲಸ. ಊರಿಗೆ ಕುಡಿಯುವ ನೀರು ತಂದ ಭೂತನಾಳ ಕೆರೆಯ ಮಾತು ಬಂದರೆ ವಿಜಾಪುರದವರು ಇಂದಿಗೂ ಅವರ ಹೆಸರು ತೆಗೆಯುತ್ತಾರೆ. ಸಾಲಕ್ಕೆ ಸಾಹುಕಾರನ ಬಾಗಿಲು ಬಿಟ್ಟು ಬೇರೆ ಬಾಗಿಲೇ ಇಲ್ಲದ ಕಡೆ ಒಂದು ಸಹಕಾರಿ ಬ್ಯಾಂಕೆಂದರೆ ಏನೆಂದು ಬರಗಾಲ ಕಂಡವರಿಗೇ ಗೊತ್ತು. ಸಂಸ್ಥೆ ಬೆಳೆದು ಇಂದು ವೈದ್ಯಕೀಯ ಕಾಲೇಜನ್ನೂ ನಡೆಸುತ್ತಿದೆ. ಬ್ಯಾಂಕು ನೂರು ವರ್ಷ ದಾಟಿತು. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಒಂದು ಪುತ್ಥಳಿ ಸಿಗುತ್ತಿತ್ತು.

ಆಮೇಲೆ ಏಣಿಯ ಕೊನೆಯ ಮೆಟ್ಟಿಲು. 1919ರ ಕಾಯಿದೆಯಂತೆ ಮುಂಬಯಿ ಪ್ರಾಂತಕ್ಕೆ ಹೊಸ ಕೌನ್ಸಿಲು ಬಂತು. 1920ರಲ್ಲಿ ಚುನಾವಣೆ ನಡೆದು ಹಳಕಟ್ಟಿಯವರು ಅದರ ಸದಸ್ಯರಾದರು. ಗಾಂಧೀಜಿಯ ಅಸಹಕಾರದ ಕರೆಯಂತೆ ಕಾಂಗ್ರೆಸ್ಸು ಆ ಚುನಾವಣೆಯನ್ನು ಬಹಿಷ್ಕರಿಸಿತ್ತು. ಕೌನ್ಸಿಲಿಗೆ ಹೋದವರನ್ನು ಸರಕಾರದ ಕಡೆಯವರು ಅಂತ ಆಡಿಕೊಳ್ಳುವವರೂ ಇದ್ದ ಕಾಲ. ಪೋಲೀಸು, ಕಂದಾಯ, ನ್ಯಾಯ ಇವು ಗವರ್ನರರ ಕೈಯಲ್ಲೇ ಉಳಿದವು. ಶಿಕ್ಷಣ, ಸ್ಥಳೀಯ ಆಡಳಿತ, ಸಹಕಾರ ಇಂಥವು ಮಾತ್ರ ಮಂತ್ರಿಗಳ ಕೈಗೆ ಬಂದವು. ಮತ ಹಾಕುವ ಹಕ್ಕು ಆಸ್ತಿ, ತೆರಿಗೆ ಇದ್ದವರಿಗೆ. ಸಭೆ ಮುಂಬಯಿಯಲ್ಲಿ, ಮಳೆಗಾಲದಲ್ಲಿ ಪುಣೆಯಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಈ ನಾಲ್ಕು ಕನ್ನಡ ಜಿಲ್ಲೆಗಳಿಂದ ಹೋದವರು ಸಿಂಧಿಯಿಂದ ಕೊಂಕಣಿಯವರೆಗೆ ಎಲ್ಲ ಭಾಷೆಯ ನಡುವೆ ಒಂದು ಮೂಲೆ.

ಹಾಗೆಂದು ಆ ಕೌನ್ಸಿಲನ್ನು ಬರೀ ಗೊಂಬೆಯಾಟ ಎನ್ನುವಂತಿಲ್ಲ. ಅವರು ಕೂತಿದ್ದ ಆ ಅವಧಿಯಲ್ಲೇ, 1921ರಲ್ಲಿ, ಹೆಂಗಸರಿಗೆ ಮತದ ಹಕ್ಕು ಕೊಡುವ ಠರಾವು ಅಲ್ಲಿ ಪಾಸಾಯಿತು. 1923ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಅದೇ 1923ರ ಆಗಸ್ಟಿನಲ್ಲಿ ಎಸ್‌. ಕೆ. ಬೋಲೆಯವರ ಠರಾವು ಪಾಸಾಗಿ, ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಆಯಿತು. ಕಾಗದದ ಮೇಲೆ ಆಯಿತು. ನಾಲ್ಕು ವರ್ಷದ ಮೇಲೆ, 1927ರಲ್ಲಿ, ಅದೇ ಠರಾವಿನ ನೀರನ್ನು ಕುಡಿಯಲು ಡಾ. ಅಂಬೇಡಕರರು ಮಹಾಡದ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಬೇಕಾಯಿತು. ಅಲ್ಲಿ ಏನೇನು ನಡೆಯಿತೆಂಬುದು ಎಲ್ಲರಿಗೂ ಗೊತ್ತು. ಕಾಯಿದೆ ಕೈಗೆ ಕೀಲಿಕೈ ಕೊಡುತ್ತದೆ. ಬಾಗಿಲು ತೆರೆಯಲು ಒಳಗಿರುವವರಿಗೂ ಮನಸ್ಸು ಬರಬೇಕಲ್ಲ? ಕಾನೂನಿನ ವಿದ್ಯಾರ್ಥಿಯಾದ ನನಗೆ ಈ ಒಂದು ಪ್ರಕರಣ ತರಗತಿಯ ಎಷ್ಟೋ ಪಾಠಗಳಿಗಿಂತ ಹೆಚ್ಚು ಕಲಿಸಿದೆ.

ಅದು ಅಲ್ಲಿರಲಿ. ಏಣಿ ಹತ್ತುತ್ತಿದ್ದ ಅಷ್ಟೂ ವರ್ಷ ಈ ವಕೀಲರ ಮನೆಯಲ್ಲಿ ಇನ್ನೊಂದು ಮೊಕದ್ದಮೆ ನಡೆದಿತ್ತು. ಕಾಲೇಜು ದಿನಗಳಲ್ಲೇ ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಅವರು ತಾಳೆಗರಿಯ ಕಟ್ಟುಗಳನ್ನು ಕಂಡಿದ್ದರು. ನೇಕಾರರ ಊರುಗಳು ಅವು. ಕಟ್ಟುಗಳಲ್ಲಿದ್ದದ್ದು ಶರಣರ ವಚನಗಳು. ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟು, ವಿಭೂತಿ ಹಚ್ಚಿ, ಹೂ ಏರಿಸಿ ಜನ ಪೂಜೆ ಮಾಡುತ್ತಿದ್ದರು. ಪೂಜೆ ಮಾಡುತ್ತಿದ್ದರೇ ಹೊರತು ಬಿಚ್ಚಿ ಓದುತ್ತಿರಲಿಲ್ಲ. ಓದಿದರೆ ಏನು ಸಿಗುತ್ತಿತ್ತು? ದೇವರನ್ನು ಹೊರಗೆ ಹುಡುಕಬೇಡ ಎಂದವರ ಮಾತನ್ನೇ ದೇವರು ಮಾಡಿ ಹೊರಗಿಟ್ಟಿದ್ದೆವು. ಇತ್ತ ಗೆದ್ದಲು, ಅತ್ತ ಮಳೆ. ವರ್ಷಕ್ಕೆ ಇಷ್ಟು ಗರಿ ಪುಡಿ.

ಹಳಕಟ್ಟಿಯವರು ಊರೂರು ತಿರುಗಿ ಕಟ್ಟುಗಳನ್ನು ಕೂಡಿಹಾಕತೊಡಗಿದರು. ಕೆಲವರು ಕೊಟ್ಟರು, ಕೆಲವರು ನಕಲು ಮಾಡಿಕೊಳ್ಳಲು ಬಿಟ್ಟರು, ಮಡಿ ಅಂತ ಮುಟ್ಟಗೊಡದವರೂ ಇದ್ದರು. ನನಗನಿಸುತ್ತದೆ, ಇಲ್ಲಿ ಅವರ ನೆರವಿಗೆ ಬಂದದ್ದು ಪಂಡಿತರ ವಿದ್ಯೆಗಿಂತ ವಕೀಲಿಯ ಅಭ್ಯಾಸ. ತಾಳೆಗರಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ, ಚುಕ್ಕೆ ಅಲ್ಪವಿರಾಮ ಇಲ್ಲ, ಹ್ರಸ್ವ ದೀರ್ಘದ ಗುರುತೂ ಎಷ್ಟೋ ಕಡೆ ಇಲ್ಲ. ಒಬ್ಬ ನಕಲುಗಾರ ತಪ್ಪಿದ್ದನ್ನು ಮುಂದಿನ ನಾಲ್ವರು ನಂಬಿ ಬರೆದಿರುತ್ತಾರೆ. ಹಾಗಾದರೆ ನಿಜವಾದ ಪಾಠ ಯಾವುದು? ಕೋರ್ಟಿನಲ್ಲಿ ಮಾಡುವುದನ್ನೇ ಇಲ್ಲೂ ಮಾಡಬೇಕು. ಒಬ್ಬ ಸಾಕ್ಷಿಯನ್ನು ನಂಬಬಾರದು. ಮೂರು ನಾಲ್ಕು ಸಾಕ್ಷಿಗಳನ್ನು ಕರೆದು, ಒಂದರ ಮುಂದೆ ಒಂದನ್ನು ನಿಲ್ಲಿಸಿ, ಹೊಂದುವುದೆಷ್ಟು ಹೊಂದದ್ದೆಷ್ಟು ನೋಡಬೇಕು. ಇನ್ನು ವಚನದ ಕೊನೆಗೆ ಬರುವ ಅಂಕಿತವೆಂದರೆ ದಸ್ತಾವೇಜಿನ ಸಹಿಯೇ. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಗುಹೇಶ್ವರ ಎಂದರೆ ಅಲ್ಲಮ. ಆದರೆ ಸಹಿಗಳು ಇಷ್ಟೇ ಅಲ್ಲ. ಒಂದೊಂದೇ ಅಂಕಿತವನ್ನು ಹಿಡಿದು ಅದು ಯಾರದೆಂದು ಹುಡುಕುತ್ತ ಹೋದರು. ಅದುವರೆಗೆ ಲೋಕಕ್ಕೆ ಗೊತ್ತಿದ್ದ ವಚನಕಾರರು ಸುಮಾರು 50 ಮಂದಿ. ಹಳಕಟ್ಟಿಯವರ ಕೆಲಸದಿಂದ ಆ ಸಂಖ್ಯೆ ಸುಮಾರು 250ಕ್ಕೆ ಏರಿತೆಂದು ಹೇಳುತ್ತಾರೆ.

ಈ 250 ಮಂದಿ ಯಾರು, ಸ್ವಲ್ಪ ನೋಡಿ. ದೋಣಿ ನಡೆಸುವ ಅಂಬಿಗರ ಚೌಡಯ್ಯ. ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ. ಬಿದ್ದ ಅಕ್ಕಿ ಆಯ್ದು ಬದುಕಿದವನ ಹೆಂಡತಿ ಆಯ್ದಕ್ಕಿ ಲಕ್ಕಮ್ಮ. ಸೂಳೆ ಸಂಕವ್ವ. ಕೌನ್ಸಿಲಿನ ಮತದಾರರ ಪಟ್ಟಿಯಲ್ಲಿ ಇವರಲ್ಲಿ ಒಬ್ಬರ ಹೆಸರಾದರೂ ಇರುತ್ತಿತ್ತೇ? ಆಸ್ತಿ ಇಲ್ಲ, ತೆರಿಗೆ ಇಲ್ಲ. ಮುಂಬಯಿಯ ಸಭಾಗೃಹ 1923ರಲ್ಲಿ ಠರಾವು ಮಾಡಿ ಯಾರಿಗೆ ಬಾವಿ ತೆರೆಯಬೇಕೆಂದಿತೋ, ಅಂಥವರು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಹಿ ಹಾಕಿ ಮಾತಾಡಿದ್ದರು. ಅದಕ್ಕೆ ದಾಖಲೆ ಇತ್ತು. ದಾಖಲೆ ಜಗಲಿಯ ಮೇಲೆ ಗೆದ್ದಲು ತಿನ್ನುತ್ತಿತ್ತು, ಅಷ್ಟೇ.

ಅಚ್ಚು ಹಾಕಿಸುವುದೂ ಸುಲಭವಾಗಲಿಲ್ಲ. ಮಂಗಳೂರಿನ ಬಾಸೆಲ್‌ ಮಿಶನ್‌ ಮುದ್ರಣಾಲಯಕ್ಕೆ ಹೋದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂತು. 1922ರಲ್ಲಿ ಬಸವಣ್ಣನವರ ವಚನಗಳನ್ನು ತಾವೇ ಇಂಗ್ಲಿಷಿಗೆ ತಂದು ಇಂಡಿಯನ್‌ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಡೆಗೆ ಬೆಳಗಾವಿಯಲ್ಲಿ ಅಚ್ಚಾಗಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಅದೇ 1923ರಲ್ಲಿ ಆ ಮೊದಲ ಕೌನ್ಸಿಲಿನ ಅವಧಿ ಮುಗಿಯಿತು. ಮುಂದೆ ಹಳಕಟ್ಟಿಯವರ ಸುದ್ದಿ ಸಭಾಗೃಹದಿಂದ ಬರುವುದಿಲ್ಲ. ಅಚ್ಚಿನ ಮನೆಯಿಂದ ಬರುತ್ತದೆ.

1925ರಲ್ಲಿ ಅವರು ತಮ್ಮ ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಹೌದು, ಮನೆ ಮಾರಿ. 1926ರಲ್ಲಿ ಶಿವಾನುಭವ ಪತ್ರಿಕೆ. 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ಬರೆಯುವವರು ಅವರೇ, ಕರಡು ತಿದ್ದುವವರು ಅವರೇ, ಚಂದಾ ಕೇಳಿ ಕಾಗದ ಹಾಕುವವರೂ ಅವರೇ. ವಚನಗಳು, ಹರಿಹರನ ರಗಳೆಗಳು, ಶರಣರ ಚರಿತ್ರೆಗಳು ಸೇರಿ ಅವರಿಂದ ಬಂದ ಪುಸ್ತಕಗಳು ನೂರೈವತ್ತಕ್ಕೂ ಮೇಲೆ. ಚಂದಾದಾರರು ಕಡಿಮೆ, ಕಾಗದದ ಸಾಲ ಹೆಚ್ಚು. ಬ್ಯಾಂಕು ಕಟ್ಟಿದ ಮನುಷ್ಯ ಸ್ವಂತಕ್ಕೆ ಸಾಲಗಾರ. ವಕೀಲಿಯಲ್ಲಿ ಗಳಿಸಿದ್ದು ಅಚ್ಚಿನ ಮನೆ ನುಂಗಿತು. ಕೊನೆಕೊನೆಗೆ ಗಳಿಸುವುದೂ ನಿಂತಿತು. ತೇಪೆ ಹಾಕಿದ ಕೋಟಿನಲ್ಲಿ ಪುಸ್ತಕದ ಗಂಟು ಹೊತ್ತು ಹೋಗುತ್ತಿದ್ದ ಮುದುಕರನ್ನು ಕಂಡ ನೆನಪು ವಿಜಾಪುರದ ಹಳಬರ ಬಾಯಲ್ಲಿ ಉಳಿದಿದೆ. ರಾವ್‌ಬಹದ್ದೂರ್‌ ಪದವಿ ಇದ್ದವರು, ಬಾಡಿಗೆ ಮನೆಯಲ್ಲಿದ್ದರು.

ಇಂಥ ತ್ಯಾಗದ ಕಥೆ ಬರೆಯುವಾಗ ನಮ್ಮ ಪೆನ್ನು ತಾನಾಗಿಯೇ ಉಬ್ಬುತ್ತದೆ. ಆದ್ದರಿಂದ ಎರಡು ಮಾತು ತಡೆದು ಹೇಳುತ್ತೇನೆ. ಮೊದಲನೆಯದು ಅವರ ಮನೆಯ ಮಾತು. ಅವರ ಹೆಂಡತಿ ಭಾಗೀರಥಿಯವರ ಹೆಸರು ನಾನು ಓದಿದ ಬರಹಗಳಲ್ಲೆಲ್ಲ ಒಂದು ಸಾಲಿನಲ್ಲಿ ಮುಗಿಯುತ್ತದೆ. ಮನೆ ಮಾರಿದಾಗ ಆ ಮನೆಯಿಂದ ಪಾತ್ರೆ ಪಡಗ ಎತ್ತಿಕೊಂಡು ಹೊರಗೆ ಬಂದವರು ಇಬ್ಬರು, ಒಬ್ಬರಲ್ಲ. ಒಲೆ ಹೊತ್ತಿಸುವ ಲೆಕ್ಕ ಶಿವಾನುಭವದ ಜಮಾಖರ್ಚಿನಲ್ಲಿ ಬರೆದಿರುವುದಿಲ್ಲ. ಆಯ್ದಕ್ಕಿ ಲಕ್ಕಮ್ಮನ ವಚನ ಹುಡುಕಿಕೊಟ್ಟವರ ಮನೆಯಲ್ಲೇ ಒಬ್ಬ ಲಕ್ಕಮ್ಮ ಇದ್ದರು, ಅವರ ಮಾತು ನಮಗೆ ಉಳಿಯಲಿಲ್ಲ ಎಂದು ನನಗೆ ಕಾಡುತ್ತದೆ.

ಎರಡನೆಯದು ವಿದ್ವತ್ತಿನ ಮಾತು. ವಚನಶಾಸ್ತ್ರಸಾರದಲ್ಲಿ ಅವರು ವಚನಗಳನ್ನು ವಿಷಯವಾರು ವಿಂಗಡಿಸಿದರು, ವಕೀಲರು ತಮ್ಮ ವಾದವನ್ನು ಕಲಮುಗಳಾಗಿ ಜೋಡಿಸುವ ಹಾಗೆ. ಹೆಸರಲ್ಲೇ ಶಾಸ್ತ್ರವಿದೆ. ಶಾಸ್ತ್ರವನ್ನೇ ಒಪ್ಪದವರ ಮಾತನ್ನು ಶಾಸ್ತ್ರದ ಚೌಕಟ್ಟಿಗೆ ಕೂಡಿಸಿದರೆ ಒಬ್ಬೊಬ್ಬ ವಚನಕಾರರ ಸ್ವಂತ ದನಿ ಚೂರುಚೂರಾಗಿ ಹಂಚಿಹೋಗುತ್ತದೆ. ಪಾಠಶುದ್ಧಿಯಲ್ಲೂ ಮುಂದೆ ಶಿ. ಶಿ. ಬಸವನಾಳ, ಆರ್‌. ಸಿ. ಹಿರೇಮಠ, ಎಲ್‌. ಬಸವರಾಜು ಮೊದಲಾದವರು ಎಷ್ಟೋ ತಿದ್ದಿದರು. 1993ರಲ್ಲಿ ಕರ್ನಾಟಕ ಸರಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ತಂದಿತು. ಇದೆಲ್ಲ ಸರಿಯೇ. ಆದರೆ ತಿದ್ದಲಿಕ್ಕೆ ಮೊದಲು ಒಂದು ಪ್ರತಿ ಬೇಕು. ಮೊದಲ ಅರ್ಜಿ ದಾಖಲಾಗದೆ ಅಪೀಲಿಗೆ ಎಡೆ ಎಲ್ಲಿದೆ?

ಗೌರವಗಳು ಬಂದವು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರಲ್ಲಿ, ಕರ್ನಾಟಕ ಒಂದಾದ ವರ್ಷ, ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್‌ ಕೊಟ್ಟಿತು. ಮುಂಬಯಿ ಕೌನ್ಸಿಲಿನ ಮೂಲೆಯಲ್ಲಿ ಕೂತಿದ್ದವರ ನಾಲ್ಕು ಜಿಲ್ಲೆಗಳು ತಮ್ಮವರ ಜೊತೆ ಕೂಡಿದ್ದನ್ನು ಅವರು ಕಣ್ಣಾರೆ ಕಂಡರು. 1964ರ ಜೂನ್‌ 29ರಂದು ತೀರಿಕೊಂಡರು. ಇನ್ನು ಮೂರು ದಿನಕ್ಕೆ 84 ತುಂಬುತ್ತಿತ್ತು.

ಹೋದ ದೀಪಾವಳಿ ರಜೆಯಲ್ಲಿ ನಾನು ವಿಜಾಪುರಕ್ಕೆ ಹೋಗಿದ್ದೆ. 2014ರಿಂದ ಊರಿನ ಹೆಸರು ವಿಜಯಪುರ ಆಗಿದೆ, ಆದರೆ ಬಸ್ಸಿನಲ್ಲಿ ಪಕ್ಕದವರು ಇಳಿದದ್ದು ಬಿಜಾಪುರದಲ್ಲೇ. ಎಲ್ಲರ ಹಾಗೆ ಗೋಲಗುಮ್ಮಟ ಹತ್ತಿ ಕೂಗಿ ನೋಡಿದೆ. ಅಲ್ಲಿ ಒಂದು ಕಥೆ ನೆನಪಾಯಿತು. ಬಿ. ಎಂ. ಶ್ರೀಕಂಠಯ್ಯನವರು ಈ ಊರಿಗೆ ಬಂದಾಗ ಮೊದಲು ಗೋಲಗುಮ್ಮಟ ತೋರಿಸಲು ಹೊರಟರಂತೆ. ಅದು ಆಮೇಲಾಗಲಿ, ಮೊದಲು ವಚನ ಗುಮ್ಮಟವನ್ನು ನೋಡಬೇಕು ಎಂದು ಅವರು ಹಳಕಟ್ಟಿಯವರ ಮನೆಗೆ ನಡೆದರಂತೆ. ಕಥೆ ಚೆನ್ನಾಗಿದೆ. ಆದರೆ ಗುಮ್ಮಟದಲ್ಲಿ ಕೇಳುವುದು ನಾವು ಕೂಗಿದ್ದೇ ತಿರುಗಿ. ಹಳಕಟ್ಟಿಯವರು ಕೇಳಿಸಿದ್ದು ನಾವು ಕೂಗದ ಮಾತು, ಎಂಟುನೂರು ವರ್ಷ ಹಿಂದಿನವರದು.

ಅಲ್ಲಿಂದ ಊರಿಗೆ ಹೋದೆ. ಮಾವ ಅದೇ ಪ್ರಶ್ನೆ ಕೇಳಿದರು, ಅದೇ ಏಣಿ ತೋರಿಸಿದರು. ಈ ಸಲ ನಾನು ಹಳಕಟ್ಟಿಯವರ ಕಥೆ ಹೇಳಿದೆ. ಮಾವ ಪೂರಾ ಕೇಳಿದರು, ಎಲೆಗೆ ಸುಣ್ಣ ಹಚ್ಚುತ್ತ. ಆಮೇಲೆ ಅಂದದ್ದು ಇಷ್ಟು: ಮಾರಲಿಕ್ಕೆ ಅವರಿಗೆ ಮನೆಯಾದರೂ ಇತ್ತು, ನಿನಗೇನಿದೆ ಅಂತ. ಇದಕ್ಕೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ. ಮನೆ ಮಾರುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕೆ ಇದೆಯೋ ಕಾಣೆ. ಎಲ್ಲರಿಗೂ ಅದು ಬೇಕೆಂದೂ ನಾನು ಹೇಳುವುದಿಲ್ಲ. ಆದರೆ ನಮ್ಮ ನಮ್ಮ ಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿರುವ ಕಟ್ಟನ್ನು ಕೆಳಗಿಳಿಸಿ, ಧೂಳು ಒರೆಸಿ, ಬಿಚ್ಚಿ ಓದಲು ಯಾವ ಸನದೂ ಬೇಡ, ಯಾರ ಮತವೂ ಬೇಡ. ಅಷ್ಟನ್ನು ನಾನು ಸುರು ಮಾಡಿದ್ದೇನೆ. ಸಂಘದ ಕಪಾಟಿನಲ್ಲಿ ವಚನಗಳ ಪುಸ್ತಕ ಇದೆ; ಸದ್ಯಕ್ಕೆ ನನ್ನ ಹೆಸರಿನಲ್ಲಿದೆ. ಬೇಕಾದವರು ಕೇಳಿ, ಕೊಡುತ್ತೇನೆ.